ನೀಲಿ ಗಾಡಿಯ ಟ್ಯಾಂಕ್ ಕವರ್ ಬಿಚ್ಚಿದ ಬಗ್ಗೆ

ನನ್ನ ಹೆಸರು, ತಂದೆಯ ಹೆಸರನ್ನು ಠಾಣೆಯವರು ಮೇಲಿನ ಸಾಲಿನಲ್ಲಿ ಬರೆದುಕೊಂಡಿದ್ದಾರೆ. ವಯಸ್ಸು ಅರವತ್ತೊಂದು. ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟನಾಗಿದ್ದು ನಿವೃತ್ತನಾಗಿದ್ದೇನೆ. ವಾಸ ಹಳೇ ಟಾಕೀಸಿನ ಹಿಂದಿನ ವಠಾರದಲ್ಲಿ, ಮೊದಲ ಮಹಡಿ, ಮೆಟ್ಟಿಲಿನ ಎಡಗಡೆಯ ಮನೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಒಬ್ಬನೇ ಇದ್ದೇನೆ. ಈ ದಿನ ಠಾಣೆಯಲ್ಲಿ ಕೂತು ನನ್ನ ಬಾಯಿಂದಲೇ ತಿಳಿಸುವುದೇನೆಂದರೆ:

ಮಾರ್ಚ್ ಮೊದಲ ವಾರ ನಾನು ಬಸ್ ನಿಲ್ದಾಣದ ಎದುರಿನ ಸೆಕೆಂಡ್ ಹ್ಯಾಂಡ್ ಬೈಕ್ ಅಂಗಡಿಯಲ್ಲಿ ಒಂದು ನೀಲಿ ಮೋಟಾರ್ ಸೈಕಲ್ ಕೊಂಡೆ. ಇಂಜಿನ್ನಿಗೆ ಆರು ತಿಂಗಳ ವಾರಂಟಿ. ಈ ವಯಸ್ಸಿನಲ್ಲಿ ಗಾಡಿ ಯಾಕೆ ಬೇಕಾಯಿತು ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದರಿಂದ ಅದನ್ನೂ ಹೇಳುತ್ತೇನೆ. ನಮ್ಮ ವಠಾರದ ಕೆಳಗಿನ ಮಳಿಗೆಯಲ್ಲಿ ಟೈಲರಮ್ಮ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಅವರೂ ಒಬ್ಬರೇ ಇರುವುದು. ಪ್ರತಿ ಶನಿವಾರ ಜವಳಿ ಪೇಟೆಗೆ ಹೋಗಿ ಲೈನಿಂಗ್ ಬಟ್ಟೆ, ದಾರ, ಗುಂಡಿ ತರುತ್ತಾರೆ. ಗಂಟು ನೋಡಿದ ಕೂಡ್ಲೇ ಆಟೋದವರು ಬರೋಲ್ಲ ಅಂತಾರೆ ಸಾರ್, ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಅದಾಗಿ ಹದಿನೈದು ದಿನಕ್ಕೆ ಗಾಡಿ ಕೊಂಡೆ. ಇದರಲ್ಲಿ ಕಾಸ್ ಅಂಡ್ ಎಫೆಕ್ಟ್, ಅಂದರೆ ಕಾರ್ಯಕಾರಣ ಸಂಬಂಧ, ಇದೆ ಎಂದು ಯಾರಾದರೂ ಅಂದರೆ ನಾನು ಇಲ್ಲವೆನ್ನುವುದಿಲ್ಲ.

ಮೊದಲ ಎರಡು ವಾರ ಗಾಡಿ ಬೆಣ್ಣೆಯ ಹಾಗೆ ಓಡಿತು. ಬಿಸಿಲಿಗೆ ಟ್ಯಾಂಕಿನ ಬಣ್ಣ ಹೋಗುತ್ತೆ ಸಾರ್, ಎಂದು ಟೈಲರಮ್ಮ ತಾವಾಗಿಯೇ ಮುಂದೆ ಬಂದು ಕೆಂಪುಕಂದು ರೆಕ್ಸಿನ್ನಿನ ಒಂದು ಟ್ಯಾಂಕ್ ಕವರ್ ಹೊಲಿದುಕೊಟ್ಟರು. ಅಳತೆ ತೆಗೆಯುವಾಗ ಟೇಪಿನ ಒಂದು ತುದಿಯನ್ನು ನಾನು ಹಿಡಿದಿದ್ದೆ. ಕವರಿನ ಒಳಗಡೆ ಸ್ಪಂಜು, ಸುತ್ತ ಬಿಗಿಯಾದ ಎಲಾಸ್ಟಿಕ್, ಪೆಟ್ರೋಲ್ ಮುಚ್ಚಳದ ಮೇಲೆ ಬಂದು ಕೂರುವ ಹಾಗೆ ಒಂದು ರೆಕ್ಸಿನ್ ಪಟ್ಟಿ. ಅದಕ್ಕೆ ಎರಡು ಒತ್ತುಗುಂಡಿ. ಹೊಲಿಗೆ ಕೂಲಿ ತೆಗೆದುಕೊಳ್ಳಲಿಲ್ಲ. ಅದು ಕೊಳೆಯಾಗಬಾರದೆಂದು ಆಮೇಲೆ ಗಾಡಿಯನ್ನು ಬೀದಿಯ ಮೂಲೆಯವರೆಗೆ ಮಾತ್ರ ಓಡಿಸುತ್ತಿದ್ದೆ.

ನನ್ನ ಎದುರು ಬಾಗಿಲಿನಲ್ಲಿ ಡ್ರಿಲ್ ಮೇಷ್ಟ್ರು ಇದ್ದಾರೆ. ಶಾಲೆಯಿಂದ ನಿವೃತ್ತರಾಗಿ ಮೂರು ವರ್ಷವಾದರೂ ಕೊರಳಿನ ಸೀಟಿ ತೆಗೆದಿಲ್ಲ. ಅವರಿಗೆ ನನಗಿಂತ ಒಂದು ವರ್ಷ ಹೆಚ್ಚು, ಹೊಟ್ಟೆ ಮಾತ್ರ ಇಲ್ಲ. ನಾನು ಗಾಡಿ ಕೊಂಡ ಮೂರು ವಾರಕ್ಕೆ ಅವರೂ ಅದೇ ಅಂಗಡಿಯಲ್ಲಿ ಅದೇ ಮಾಡೆಲ್ ಕೊಂಡರು. ಕಪ್ಪು ಇತ್ತು, ಕೆಂಪು ಇತ್ತು. ಅವರು ಕೊಂಡದ್ದು ನೀಲಿ. ನಾಲ್ಕು ದಿನ ಬಿಟ್ಟು ಅವರ ಟ್ಯಾಂಕಿನ ಮೇಲೂ ಅದೇ ರೆಕ್ಸಿನ್ ಕವರ್ ಕಂಡೆ. ವಿಚಾರಿಸಿದ್ದಕ್ಕೆ ಟೈಲರಮ್ಮ, ರೆಕ್ಸಿನ್ ಮಿಕ್ಕಿತ್ತು ಸಾರ್, ಎಂದು ನಕ್ಕರು. ಮಿಕ್ಕಿರಬಹುದು. ನಗುವ ಅಗತ್ಯ ನನಗೆ ಕಾಣಲಿಲ್ಲ.

ಮುಂದಿನ ವಾರ ಮೇಷ್ಟ್ರ ಗಾಡಿ ಕಾದು ದಾರಿಯಲ್ಲಿ ನಿಂತುಹೋಯಿತೆಂದು ತಿಳಿಯಿತು. ಅಂದು ನನಗೆ ಚೆನ್ನಾಗಿ ನಿದ್ದೆ ಬಂತು. ಆದರೆ ಮೂರೇ ದಿನದಲ್ಲಿ ಅವರ ಕವರಿನಲ್ಲಿ ಒಂದು ಬದಲಾವಣೆ ನೋಡಿದೆ. ಪೆಟ್ರೋಲ್ ಮುಚ್ಚಳದ ಜಾಗದಲ್ಲಿ ಪಟ್ಟಿ ತೆಗೆದು ದುಂಡಗೆ ಕತ್ತರಿಸಿ, ಅಂಚಿಗೆ ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕಲಾಗಿತ್ತು. ಅಷ್ಟು ಸಣ್ಣ ಹೊಲಿಗೆಗೆ ಎಷ್ಟು ಹೊತ್ತು ಕೂರಬೇಕೆಂದು ನಾನು ಲೆಕ್ಕ ಹಾಕಿದೆ. ಮೇಷ್ಟ್ರು ಮೆಟ್ಟಿಲ ಮೇಲೆ ಸಿಕ್ಕಿ, ಸಾರ್, ಈ ತೂತು ಯಾಕೆ ಅಂದ್ರೆ, ಎಂದು ಶುರು ಮಾಡಿದರು. ಗೊತ್ತು ಬಿಡಿ ಎಂದು ಬಾಗಿಲು ಹಾಕಿಕೊಂಡೆ. ಟೈಲರಮ್ಮನೂ, ನಿಮ್ಮದಕ್ಕೂ ಮಾಡ್ಕೊಡ್ಲಾ ಸಾರ್, ಮೇಷ್ಟ್ರು ಹೇಳ್ತಿದ್ರು, ಎಂದರು. ಮೇಷ್ಟ್ರು ಎಂಬ ಶಬ್ದ ಬಂದ ಕೂಡಲೇ, ಬೇಡ ಅಮ್ಮಾವ್ರೇ, ನನ್ನದು ನೀವು ಮೊದಲು ಹೊಲಿದ ಹಾಗೇ ಇರಲಿ, ಎಂದು ಬಂದುಬಿಟ್ಟೆ.

ಅದೇ ಶನಿವಾರ ಮೊದಲ ಬಾರಿಗೆ ಟೈಲರಮ್ಮ ನನ್ನ ಗಾಡಿಯ ಹಿಂದೆ ಕೂತು ಪೇಟೆಗೆ ಬಂದರು. ಹೋಗುವಾಗ ದಾರಿಯುದ್ದಕ್ಕೂ ಮಾತಾಡಿದರು, ಗಾಳಿಗೆ ನನಗೆ ಅರ್ಧ ಕೇಳಿಸಲಿಲ್ಲ, ಎಲ್ಲದಕ್ಕೂ ಹೌದು ಹೌದು ಎಂದೆ. ಬರುವಾಗ ಪೆಟ್ರೋಲ್ ಬಂಕ್ ದಾಟಿ ಸ್ವಲ್ಪ ದೂರದಲ್ಲಿ ಇಂಜಿನ್ ಕಾದು, ಎಳೆತ ಕಡಿಮೆಯಾಗಿ, ಎರಡು ಸಲ ಕೆಮ್ಮಿ ನಿಂತುಹೋಯಿತು. ವಠಾರ ಇನ್ನೂ ಎರಡು ಕಿಲೋಮೀಟರ್ ಇತ್ತು. ನೆರಳಿರಲಿಲ್ಲ. ಟೈಲರಮ್ಮ ಸೆರಗು ತಲೆಯ ಮೇಲೆ ಹಾಕಿಕೊಂಡು ನಿಂತರು. ಹತ್ತು ನಿಮಿಷಕ್ಕೆ ಡ್ರಿಲ್ ಮೇಷ್ಟ್ರು ಅದೇ ದಾರಿಯಲ್ಲಿ ಬಂದರು; ಆಕಸ್ಮಿಕವಾಗಿ ಎಂದು ಅವರ ಹೇಳಿಕೆ. ಇಳಿದವರೇ, ಕವರ್ ಬಿಚ್ಚಿ ನೋಡೋಣ ಸಾರ್, ಎಂದು ಟ್ಯಾಂಕಿನ ಮೇಲೆ ಕೈ ಇಟ್ಟರು. ಮುಟ್ಟಬೇಡಿ ಎಂದೆ. ಹಾಗಾದ್ರೆ ಅಮ್ಮಾವ್ರನ್ನಾದ್ರೂ ಬಿಸಿಲಿನಿಂದ ಬಿಡಿಸ್ತೀನಿ, ಎಂದು ಅವರನ್ನು ಕೂರಿಸಿಕೊಂಡು ಹೋದರು. ಗಂಟಿಗೆ ಅವರ ಗಾಡಿಯಲ್ಲಿ ಜಾಗವಿರಲಿಲ್ಲ. ಗಂಟು ನನ್ನ ಜೊತೆ ಉಳಿಯಿತು. ಗಾಡಿ ಮತ್ತು ಗಂಟನ್ನು ನಾನು ತಳ್ಳಿಕೊಂಡು ಬಂದೆ.

ಆಮೇಲಿನ ಮೂರು ವಾರದಲ್ಲಿ ಮೂರು ಸಲ ಗಾಡಿಯನ್ನು ವಾರಂಟಿಗೆ ಒಯ್ದೆ. ಪ್ರತಿ ಸಲವೂ ಅಂಗಡಿಯ ಗೇಟಿನಲ್ಲಿ ಕವರನ್ನು ಬಿಚ್ಚಿ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ, ಆಯಿಲ್ ಕೈಗಳು ತಾಗಬಾರದೆಂದು. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಹೊಸ ಆಯಿಲ್ ಹಾಕಿದ, ಒಂದು ಗಂಟೆ ಊರೆಲ್ಲ ಸುತ್ತಿ ಬಂದ. ಏನೂ ಆಗಲಿಲ್ಲ. ನಮ್ಮತ್ರ ಜಾಣಮರಿ ಹಂಗಿರುತ್ತೆ ಯಜಮಾನ್ರೇ, ನಿಮ್ಮತ್ರ ಮಾತ್ರ ಹಠ ಮಾಡುತ್ತೆ, ಎಂದ. ಇದು ಇಂಟರ್‌ಮಿಟೆಂಟ್ ಫಾಲ್ಟ್, ಬಂದು ಹೋಗುವ ದೋಷ, ಎಂದು ನಾನು ವಿವರಿಸಿದೆ. ಅಂಗಡಿಯ ಮಾಲೀಕರು, ಇನ್ನೊಂದು ಸಲ ಸುಮ್ಮಸುಮ್ಮನೆ ತಂದರೆ ವಾರಂಟಿ ಮರೆತುಬಿಡಿ ಎಂದರು. ಮನೆಗೆ ಬಂದು ಕವರ್ ಹಾಕಿ ಹೊರಟರೆ ಮತ್ತೆ ಅದೇ ಕಥೆ. ಅಂಗಡಿಯಲ್ಲಿ ಸರಿ, ವಠಾರದಲ್ಲಿ ಕೆಡುತ್ತದೆ ಎಂದ ಮೇಲೆ ವಠಾರದಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಆ ಮೂರು ಶನಿವಾರವೂ ಟೈಲರಮ್ಮ ಮೇಷ್ಟ್ರ ಗಾಡಿಯಲ್ಲಿ ಪೇಟೆಗೆ ಹೋದರು. ಕಿಟಕಿಯಿಂದ ನೋಡಿದ್ದೇನೆ.

ಇಂದು ಬೆಳಿಗ್ಗೆ 6.40ಕ್ಕೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದು ಅಂಗಳಕ್ಕೆ ಬಗ್ಗಿ ನೋಡಿದಾಗ, ಡ್ರಿಲ್ ಮೇಷ್ಟ್ರು ನನ್ನ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕವರಿನ ಎಲಾಸ್ಟಿಕ್ ಬಿಡಿಸುತ್ತಿದ್ದರು. ಇಳಿದು ಹೋಗಿ ಕವರನ್ನು ಹಿಡಿದೆ. ಅವರು ಬಿಡಲಿಲ್ಲ. ಕಳ್ಳ ಎಂದೆ. ಸಾರ್ ಸ್ವಲ್ಪ ಕೇಳಿ ಎಂದರು. ಕಾಲರ್ ಹಿಡಿದೆ, ಹರಿಯಿತು. ಆಗ ಅವರು ಸೀಟಿ ಊದಿದರು. ಇಡೀ ವಠಾರ ಹೊರಬಂತು, ಮೂಲೆಯಲ್ಲಿದ್ದ ಗಸ್ತಿನ ಕಾನ್‌ಸ್ಟೇಬಲ್ ಕೂಡ ಬಂದರು. ಇಬ್ಬರನ್ನೂ ಗಾಡಿಗಳ ಸಮೇತ ಇಲ್ಲಿಗೆ ಕರೆತಂದರು.

ಸಾಹೇಬರು ಕೇಳಿದ್ದಕ್ಕೆ ಮೇಷ್ಟ್ರು, ಟೈಲರಮ್ಮನೇ ಕಳಿಸಿದ್ದು ಸ್ವಾಮಿ, ಸಾರ್ ಏಳೋದರೊಳಗೆ ತಂದುಕೊಡಿ, ತೂತು ಮಾಡಿ ಹಾಕಿಬಿಡೋಣ, ಎದ್ದ ಮೇಲೆ ಅವರು ಯಾರ ಮಾತೂ ಕೇಳೋಲ್ಲ ಅಂದರು, ಎಂದರು. ಪರೋಪಕಾರಕ್ಕೆ ಕಾಲೇಜಿನಲ್ಲಿ ಒಂದು ಪದ ಓದಿದ್ದೆ, ಆಲ್ಟ್ರೂಯಿಸಂ ಎಂದೋ ಏನೋ. ಅದನ್ನು ನಾನು ನಂಬಲಿಲ್ಲ. ಸಾಹೇಬರು ಹೆಡ್ ಕಾನ್‌ಸ್ಟೇಬಲ್‌ಗೆ ನನ್ನ ಗಾಡಿ ಕೊಟ್ಟು ಕವರ್ ಇಲ್ಲದೆ ಅರ್ಧ ಗಂಟೆ ಓಡಿಸಿದರು. ನಿಲ್ಲಲಿಲ್ಲ. ಕವರ್ ಹಾಕಿ ಓಡಿಸಿದರು. ವಾಪಸ್ ಬರುವಾಗ ಠಾಣೆಯ ಗೇಟಿನ ಮುಂದೆಯೇ ಕಾದು ನಿಂತಿತು. ಹೆಡ್ ಕಾನ್‌ಸ್ಟೇಬಲ್ ಪಟ್ಟಿ ಎತ್ತಿ ಮುಚ್ಚಳ ತಿರುಗಿಸಿದಾಗ ಸುಯ್ ಎಂದು ಗಾಳಿ ಒಳಗೆ ಹೋದದ್ದನ್ನು ನಾನೂ ಕೇಳಿದೆ. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ರಂಧ್ರವಿರುತ್ತದಂತೆ. ಸ್ಪಂಜು ಅದನ್ನು ಒತ್ತಿ ಹಿಡಿದರೆ ಟ್ಯಾಂಕಿಗೆ ಗಾಳಿ ಬರುವುದಿಲ್ಲ, ಪೆಟ್ರೋಲ್ ಇಳಿಯುವುದಿಲ್ಲ, ಹೊಟ್ಟೆಗಿಲ್ಲದೆ ಇಂಜಿನ್ ಕಾಯುತ್ತದೆ. ಮತ್ತೆ ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು.

ಅಷ್ಟರಲ್ಲಿ ಟೈಲರಮ್ಮ ಬಂದರು. ಬಾಗಿಲಲ್ಲಿ ಕಾವಲಿನವರು ಅವರ ಕತ್ತರಿಯನ್ನು ತೆಗೆದಿಟ್ಟುಕೊಂಡು, ಸಾಹೇಬರು ಹೇಳಿದ ಮೇಲೆ ವಾಪಸ್ ಕೊಟ್ಟರು. ಟೈಲರಮ್ಮ ಹೊರಗಿನ ಬೆಂಚಿನ ಮೇಲೆ ಕವರನ್ನು ಮಡಿಲಲ್ಲಿ ಹಾಕಿಕೊಂಡು ಪಟ್ಟಿ ಕತ್ತರಿಸಿದರು. ಒಂದು ಮಾತು ಕೇಳಿಸಿಕೊಂಡಿದ್ರೆ ಇಷ್ಟೆಲ್ಲ ಆಗ್ತಿತ್ತಾ ಸಾರ್, ಎಂದರು. ಅಂಚು ಹೊಲಿಯಲು ದಾರ ಅಂಗಡಿಯಲ್ಲಿದೆ, ಯಾವ ಬಣ್ಣ ಹಾಕಲಿ ಎಂದು ಕೇಳಿದರು. ಕೆಂಪು ಬಿಟ್ಟು ಯಾವುದಾದರೂ ಆಗಬಹುದು ಎಂದೆ.

ಆದ್ದರಿಂದ ಡ್ರಿಲ್ ಮೇಷ್ಟ್ರ ಮೇಲೆ, ವಾರಂಟಿ ಕೊಟ್ಟ ಅಂಗಡಿಯವರ ಮೇಲೆ ನನ್ನ ದೂರು ಇಲ್ಲ. ಮೇಷ್ಟ್ರ ಹರಿದ ಕಾಲರನ್ನು ತಾವೇ ಹೊಲಿದುಕೊಡುವುದಾಗಿ ಟೈಲರಮ್ಮ ಹೇಳಿದ್ದಾರೆ. ಈ ಏರ್ಪಾಡಿಗೆ ಮಾತ್ರ ನನ್ನ ಆಕ್ಷೇಪಣೆ ಇದೆ. ಬೇರೆ ಅಂಗಡಿಯಲ್ಲಿ ನನ್ನ ಖರ್ಚಿನಿಂದ ಹೊಸ ಷರ್ಟನ್ನೇ ಹೊಲಿಸಿಕೊಡಲು ಸಿದ್ಧನಿದ್ದೇನೆ. ಇದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ನಡೆದದ್ದು, ನಿಜ. ಪೂರ್ತಿ ಓದಿ ಹೇಳುತ್ತೇನೆ, ಕೇಳಿಸಿಕೊಂಡು ಸಹಿ ಹಾಕಿ ಎಂದು ಬರೆದುಕೊಳ್ಳುವವರು ಹೇಳುತ್ತಿದ್ದಾರೆ. ಓದುವುದು ಬೇಡ. ಅಂಗಡಿ ತೆರೆಯುವ ಹೊತ್ತಾಯಿತು ಎಂದು ಟೈಲರಮ್ಮ ಎರಡು ಸಲ ಹೇಳಿಕಳಿಸಿದ್ದಾರೆ. ಈಗ ಹೊರಗೆ ಒಂದು ಗಾಡಿ ಸ್ಟಾರ್ಟ್ ಆಯಿತು. ಎರಡೂ ಒಂದೇ ಮಾಡೆಲ್ ಆದರೂ ನನ್ನ ಗಾಡಿಯ ಸದ್ದು ನನಗೆ ಗೊತ್ತು. ಇದು ನನ್ನದಲ್ಲ. ಪೆನ್ನು ಕೊಡಿ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನ: ಭಾನುವಾರ, ಬೆಳಿಗ್ಗೆ 10.50
ಸಹಿ: (ಅವಸರದಲ್ಲಿ ಹಾಕಿದ್ದು, ನನ್ನದೇ)