ನಿಮ್ಮ ನಲ್ಲಿ, ನಮ್ಮ ಸ್ಟೇಜು

…ಹಾಗಂತ ಕದ್ದು ಬಂದಿಲ್ಲ ನಾನು, ತಿಳ್ಕೋ! ಟಿಕೆಟ್ ತಗೊಂಡೇ ಬಂದಿರೋದು. ನೋಡು, ಕೈಯಲ್ಲಿ ನಿಮ್ಮದೇ ಪಟ್ಟಿ. ಡೇರೆ ಹಾಕೋರಿಗೆ ಹಸಿರು, ಬಂದು ಹೋಗೋರಿಗೆ ನೀಲಿ. ಹನ್ನೊಂದು ವರ್ಷ ನಮ್ಮ ಸಂಗೀತ ಮೇಳದಲ್ಲಿ ನಾವಿಬ್ರೂ ಕಟ್ಟಿದ್ದೂ ಇದೇ ಬಣ್ಣ. ನಮ್ಮನ್ನ ಬಿಟ್ಟು ಬರೋವಾಗ ಬಣ್ಣಾನೂ ಎತ್ಕೊಂಡು ಬಂದ್ಯಾ? ಎರಡು ದಿನದಿಂದ ನಿನ್ನ ಬಯಲಲ್ಲೇ ಇದೀನಿ. ಮೂರನೇ ಸಾಲು, ನೂರಾ ನಲವತ್ತನೇ ಡೇರೆ. ಒಡಹುಟ್ಟಿದ ಅಕ್ಕ ನಿನ್ನ ಮೂಗಿನ ಕೆಳಗೇ ಮಲಗೆದ್ದಳು, ನಿಂಗೆ ಸುಳಿವೇ ಇಲ್ಲ!

ಏನು, ತಲೆ ಆಡಿಸ್ತೀಯ? ಇತ್ತಾ? ಸುಳಿವು ಇದ್ದೂ ಬಂದು ಮಾತಾಡಿಸ್ಲಿಲ್ಲ. ಹದಿಮೂರು ತಿಂಗಳಾದ್ಮೇಲೆ! ಭೇಷ್.

ಕೂತ್ಕೋ ಅಂತಾದ್ರೂ ಅನ್ನು. ಬೇಡ, ನಾನೇ ಕೂತ್ಕೋತೀನಿ. ಈ ಕಬ್ಬಿಣದ ಡಬ್ಬಿಗೆ ಆಫೀಸ್ ಅಂತೀರಾ ನೀವು? ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಕತ್ತು ಮುರಿದ ಒಂದು ಫ್ಯಾನು. ಮಧ್ಯಾಹ್ನದ ಹೊತ್ತಲ್ಲಿ ಒಳಗೆ ಮನುಷ್ಯರು ಬೇಯ್ತಾರೆ. ಡೇರೆಯೋರಿಗೆ ಮಾತ್ರ ನೆರಳಿನ ಬಟ್ಟೆ ಕಟ್ಟಿಸಿದೀಯ, ಉದ್ದಕ್ಕೆ, ದಾರಿಯ ಕೊನೇ ತನಕ. ನೋಡಿದೆ, ನೋಡಿದೆ. ಎಲ್ಲಾ ನೋಡಿದೆ.

ಯಾಕೆ ಬಂದೆ ಅಂತ ಕೇಳೋದಿಲ್ವಾ? ಹೋಲಿಸಿ ನೋಡೋಕೆ. ನಮ್ಮ ಮೇಳದ ಯಜಮಾನರೇ ಕಳ್ಸಿದ್ದು. 'ಹೋಗಿ ನೋಡ್ಕೊಂಡು ಬಾ, ಜನ ಯಾಕೆ ಅಲ್ಲಿಗೆ ಮುಗಿಬೀಳ್ತಿದಾರೆ' ಅಂತ. ನೋಡಿದೆ. ಹೇಳ್ಲಾ? ನಿಮ್ಮ ಸ್ಟೇಜು ಸ್ಟೇಜೇ ಅಲ್ಲ. ಮದುವೆ ಮನೆ ಚಪ್ಪರ! ಹಿಂದಿನ ಸಾಲಿಗೆ ಬೇರೆ ಸ್ಪೀಕರ್ ಕಂಬ ನಿಲ್ಲಿಸಿದೀರಾ? ಇಲ್ಲ. ಹಾಡೋಳ ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. ಡ್ರಮ್ ಬಾರಿಸೋನು ಕೋಲು ಮೇಲೆತ್ತಿದ ಮೇಲೆ ಏಟು ಕೇಳಿಸುತ್ತೆ! ನಿನ್ನೆ ಸಂಜೆ ನಾನು ಕಿವಿ ಮುಚ್ಕೊಂಡು ಎದ್ದು ಬಂದೆ. ಹಿಂದಿನ ಎಲ್‌ಇಡಿ ಪರದೆ ಬೇರೆ, ಅರ್ಧಕ್ಕೆ ಬಣ್ಣ ಹೋಗಿದೆ, ಹಾಡೋಳ ಮುಖ ಕಾಮಾಲೆ ಬಂದೋರ ಥರ. ನಮ್ಮಲ್ಲಿ ಹಾಗಾದ್ರೆ ನಾನು ಸುಮ್ನಿರ್ತಿದ್ನಾ? ನಮ್ಮ ಮೇಳದಲ್ಲಿ ಸ್ಪೀಕರಿನ ಬೇಸ್ ಹೊಡೆದ್ರೆ ಎದೆಗೂಡು ನಡುಗುತ್ತೆ. ಇಲ್ಲಿ ನಡುಗೋದು ಈ ಫ್ಯಾನು ಒಂದೇ!

ನಗು ಬಂತಾ? ಬರ್ಲಿ ಬಿಡು. ಬರೆಯೋದು ನಿಲ್ಸು ಆದ್ರೆ. ಏನದು… ನೀರಿನ ಪಟ್ಟಿನಾ? ಗಂಟೆಗೊಂದು ಸಲ ತೊಟ್ಟಿ ಮಟ್ಟ ಬರ್ಕೋತೀಯಾ? ಗಂಟೆಗೊಂದು ಸಲ! ಹುಚ್ಚು ಹಿಡಿದಿದೆ ನಿಂಗೆ.

ಹ್ಞೂ… ನಿನ್ನ ಕೆಲಸದ ಬಗ್ಗೇನೂ ಹೇಳ್ಬೇಕಲ್ಲ, ಇಲ್ದಿದ್ರೆ ಅಕ್ಕನಿಗೆ ಹೊಟ್ಟೆಕಿಚ್ಚು ಅಂತೀಯ. ನೂರು ಹೆಜ್ಜೆಗೊಂದು ನಲ್ಲಿ. ಎಣಿಸಿದೆ. ತೊಂಬತ್ತೆಂಟಕ್ಕೇ ಸಿಕ್ತು. ಶೌಚಾಲಯದ ಬಾಗಿಲ ಹಿಂದೆ ಕೊಕ್ಕೆ. ಚೀಲ ನೇತು ಹಾಕೋಕೆ ಕೊಕ್ಕೆ! ನಮ್ಮಲ್ಲಿ ಹೆಂಗಸ್ರು ಚೀಲ ಹಲ್ಲಲ್ಲಿ ಕಚ್ಕೊಂಡು ಕೂರ್ತಾರೆ. ಬಿಸಿನೀರು ಬರುತ್ತೆ, ಅದೂ ಬೆಳಿಗ್ಗೆ ಹತ್ತಾದ್ರೂ. ಗಾಲಿಕುರ್ಚಿಯೋರಿಗೆ ಮುಂದೆ ಎತ್ತರದ ಕಟ್ಟೆ. ಮಕ್ಕಳು ಇರೋರಿಗೆ ಬೇರೆ ಮೂಲೆ. ಅಲ್ಲಿ ಒಬ್ಬಳು ಬಸುರಿ ನೆರಳಲ್ಲಿ ಕಾಲು ಚಾಚ್ಕೊಂಡು ಸೇಬು ತಿಂತಿದ್ಲು, ತನ್ನ ತೌರುಮನೆ ಅಂಗಳದಲ್ಲಿ ಕೂತೋಳ ಹಾಗೆ. ಏನಮ್ಮಾ, ಸಂಗೀತ ಕೇಳೋಕೆ ಬಂದ್ಯಾ ಬಾಣಂತನಕ್ಕೆ ಬಂದ್ಯಾ ಅಂತ ಕೇಳೋಣ ಅನ್ನಿಸ್ತು!

ಜನ ಬರೆದಿರೋದು ಓದಿದ್ಯಾ? ಓದಿರ್ತೀಯ. 'ಸದ್ದು ಸಾಧಾರಣ, ಆದರೆ ಮುಂದಿನ ವರ್ಷ ಅಮ್ಮನನ್ನೂ ಕರ್ಕೊಂಡು ಬರ್ತೀವಿ.' ಇದು ನಿಮಗೆ. ನಮಗೇನು ಬರೆದಿದ್ರು ಗೊತ್ತಾ? 'ಸ್ಟೇಜು ಸ್ವರ್ಗ, ಡೇರೆ ನರಕ.' ಸ್ವರ್ಗದ ಭಾಗ ನಂದು. ನರಕ, ನಿನ್ನ ಜಾಗಕ್ಕೆ ಬಂದ ಆ ಮಹಾನುಭಾವನದು. ಅವನು ಡೇರೆಗಳನ್ನ ಇಳಿಜಾರಿಗೆ ಹಾಕಿಸಿದ, ಜನ ಬೆಳಗಾಗೋದ್ರಲ್ಲಿ ಒಬ್ಬರ ಮೇಲೊಬ್ಬರು ಉರುಳ್ಕೊಂಡಿದ್ರು.

ನಗಬೇಡ! ನೀನು ಬಿಟ್ಟು ಹೋಗಿದ್ದಕ್ಕೇ ಅದು. ಅಪ್ಪ ಕಟ್ಟಿ ಕೊಟ್ಟ ಕೆಲಸ. ಹೊಲಿಗೆ ಮೆಷಿನ್ ಮುಂದೆ ಕೂತು ಕ್ಯಾನ್ವಾಸ್ ಹೊಲಿದು ಹೊಲಿದು ಬೆರಳು ಡೊಂಕು ಮಾಡ್ಕೊಂಡ ಮನುಷ್ಯ. 'ಸ್ಟೇಜು ದೊಡ್ಡೋಳು ನೋಡ್ಕೊಳ್ಲಿ, ಡೇರೆ ಚಿಕ್ಕೋಳು ನೋಡ್ಕೊಳ್ಲಿ' ಅಂತ ಹಂಚಿ ಕೊಟ್ರು. ನೀನು ಒಂದು ವಿಚಾರಣೆಗೆ ಹೆದರಿ, ಒಂದು ಕಾಗದ ಬರೆದಿಟ್ಟು ಎದ್ದು ಹೋದೆ.

ಹಾಗೆ ನೋಡಬೇಡ. ಹೆದರಿಕೆ ಅಲ್ಲದೆ ಇನ್ನೇನು? ಆ ಕೋಣೆಯಲ್ಲಿ ಮೂರು ಜನ ಕೂತಿದ್ರು, ಕೇಳಿದ್ರು: 'ಡೇರೆ ಕ್ಯಾಂಪಿನ ಜನರೇಟರ್ ಯಾಕೆ ನಿಂತಿತು? ಪಂಪ್ ಯಾಕೆ ನಿಂತಿತು? ಅಷ್ಟು ಬಿಸಿಲಲ್ಲಿ ಹನ್ನೆರಡು ಸಾವಿರ ಜನಕ್ಕೆ ಎರಡೂವರೆ ಗಂಟೆ ನೀರಿಲ್ಲ, ಯಾಕೆ?' ನೀನು ಬಾಯಿ ಬಿಡ್ಲಿಲ್ಲ. ನಾನು ಬಿಟ್ಟೆ. ಡೀಸೆಲ್ ಖಾಲಿ ಆಗಿತ್ತು ಅಂದೆ. ತುಂಬಿಸೋ ಜವಾಬ್ದಾರಿ ಕ್ಯಾಂಪಿನೋರದು, ಅಂದ್ರೆ ನಿಂದು, ಅಂದೆ. ಬರೆದು ಸಹಿ ಹಾಕಿದೆ. ಯಾರಾದ್ರೂ ಒಬ್ಬರು ಹೇಳ್ಬೇಕಿತ್ತಲ್ಲ?

ಅಪ್ಪನ್ನ ನೆನೆಸ್ಕೊಂಡ್ರೆ ನಿಂಗೇನೂ ಅನ್ನಿಸೋದಿಲ್ವಾ? ಎಪ್ಪತ್ತೊಂದು ವಯಸ್ಸು. ಆವತ್ತು ಅವರಿಗೇನಿತ್ತು ಕೆಲಸ ಅಲ್ಲಿ? ಹಗ್ಗ ಬಿಗಿಯಾಗಿದ್ಯಾ ನೋಡೋಕೆ ಬಂದಿದ್ರು, ಅಷ್ಟೇ. ಮೇಲಿನ ಬಯಲಲ್ಲಿ ಮಕ್ಕಳು ಅಳ್ತಿದ್ವು ಅಂತ ಕೆಳಗಿನ ತೊಟ್ಟಿಯಿಂದ ಎರಡು ಕೈಲಿ ಎರಡು ಕ್ಯಾನು ಹಿಡ್ಕೊಂಡು ಹತ್ತಿದಾರೆ. ಒಂದು ಸಲ ಅಲ್ಲ… ಒಂಬತ್ತು ಸಲ ಅಂತೆ. ಹತ್ತನೇ ಸಲ ಬಿದ್ರು. ಲಕ್ವ ಹೊಡೆದ ಎಡಗೈ ಇವತ್ತಿಗೂ ಎದ್ದಿಲ್ಲ. ಮಾತು ಬರುತ್ತೆ, ಒಂದೊಂದೇ, ಬಾವಿಯಿಂದ ಸೇದಿದ ಹಾಗೆ. ಅನ್ನ ಕಲಸಿ ಬಾಯಿಗಿಡೋಳು ನಾನು. ನೀನು ಭಾನುವಾರ ಭಾನುವಾರ ಫೋನ್ ಮಾಡ್ತೀಯ, ನಿನ್ನ ನಂಬರ್ ಅಂತ ಗೊತ್ತಾದ್ರೆ ಗೋಡೆ ಕಡೆ ತಿರುಗ್ತಾರೆ. 'ಡೀಸೆಲ್… ನೋಡ್ಕೊಳ್ಳೋಕೆ… ಆಗ್ಲಿಲ್ಲ… ಅವಳಿಗೆ.' ಅಷ್ಟು ಹೇಳೋಕೆ ಒಂದು ನಿಮಿಷ ಬೇಕು ಅವರಿಗೆ.

ಆ ವಾಕಿಟಾಕಿ ಆರಿಸೇ! ಕೊಯ್ಯ್ ಕೊಯ್ಯ್ ಅಂತ ತಲೆ ತಿನ್ನುತ್ತೆ… ಯಾಕೆ, ಆರಿಸೋದಿಲ್ವಾ? ಕೆಲಸದಲ್ಲಿರೋವಾಗ ಆರಿಸೋದಿಲ್ಲ, ಸರಿ. ಅದನ್ನ ಹೇಳೋಕೆ ಅಷ್ಟು ಹೊತ್ತು ನನ್ನ ಮುಖಾನೇ ನೋಡ್ಬೇಕಾ?

ಆಯ್ತು, ನೇರವಾಗಿ ಕೇಳ್ತೀನಿ. ಬೆಳಿಗ್ಗೆ ದೊಡ್ಡ ತೊಟ್ಟಿ ಹಿಂದೆ ಅವನನ್ನ ನೋಡಿದೆ. ಟೆಸ್ಟರನ್ನ. ಎಲ್ರೂ ಟೆಸ್ಟರ್ ಅಂತ ಕರೆಯೋ ನಮ್ಮ ಎಲೆಕ್ಟ್ರಿಷಿಯನ್, ಜೇಬಲ್ಲಿ ಟೆಸ್ಟರ್ ಇಲ್ದೆ ಮದುವೆ ಮಂಟಪಕ್ಕೂ ಹೋಗ್ದೇ ಇದ್ದೋನು. ನನ್ನ ಕಂಡ ಕೂಡ್ಲೇ ತಲೆ ತಗ್ಗಿಸಿ ಆ ಕಡೆ ಹೋದ. ಯಾವಾಗಿಂದ ನಿಮ್ಮಲ್ಲಿದಾನೆ? ನೀನೇ ಕರ್ಕೊಂಡ್ಯಾ? ಅವನೇ ಬಂದ್ನಾ?

ಏನು ಹೇಳಿದ ನಿಂಗೆ?

ಅವನ ಮಾತು ನಂಬ್ತೀಯಾ ನೀನು? ಅವನು ಕೆಲಸ ಬೇಕು ಅಂತ ಏನು ಬೇಕಾದ್ರೂ ಹೇಳ್ತಾನೆ. ನಾನು ಅವನಿಗೆ ಏನೂ… ಹತ್ತು ನಿಮಿಷ ಅಂದಿದ್ದೆ. ಹತ್ತೇ ನಿಮಿಷ! ಅದನ್ನ ಹೇಳಿದ್ನಾ ಅವನು? ಸ್ಟೇಜಿನ ಜನರೇಟರಿಗೆ ಆ ಎಲ್‌ಇಡಿ ಪರದೆಯ ಲೋಡ್ ಎಳೆಯೋಕೆ ಆಗ್ತಿರ್ಲಿಲ್ಲ, ಸಂಜೆ ಅಷ್ಟು ದೊಡ್ಡ ಗಾಯಕಿ ಹಾಡೋಳಿದ್ಲು, ಯಜಮಾನರು ನನ್ನ ತಲೆ ಮೇಲೆ ನಿಂತಿದ್ರು. ಪರದೆ ಒಮ್ಮೆ ಹತ್ತಿಸಿ ನೋಡ್ಬೇಕಿತ್ತು. 'ಕ್ಯಾಂಪಿನ ಜನರೇಟರಲ್ಲಿ ಪಂಪಿನ ವೈರ್ ತೆಗೆದು ಇತ್ತ ಒಂದು ಎಳಿ, ಹತ್ತು ನಿಮಿಷ, ಆಮೇಲೆ ವಾಪಸ್ ಹಾಕು' ಅಂದೆ. ಯಾರು ಬೇಕಾದ್ರೂ ಹಾಗೇ ಅಂತಿದ್ರು! ಹತ್ತಿತು. ಅಯ್ಯೋ, ಹೇಗೆ ಹತ್ತಿತು ಗೊತ್ತಾ… ಅಷ್ಟು ಅಗಲ, ಹಾಡುಹಗಲಲ್ಲಿ, ಒಂದು ಕಲೆ ಇಲ್ಲ. ಸಮುದ್ರದ ಚಿತ್ರ ಹಾಕಿದ್ರು. ನಾನು ನಿಂತು ನೋಡ್ತಾನೇ ಇದ್ದೆ. ಬಣ್ಣ ಸರಿ ಮಾಡಿಸಿದೆ, ಸದ್ದು ಸರಿ ಮಾಡಿಸಿದೆ, ಇನ್ನೊಮ್ಮೆ ಅಂದೆ, ಇನ್ನೊಮ್ಮೆ…

ಮಾತಾಡೇ! ಬೈಯಿ! ಕೂಗಾಡು! ಹೌದು, ನೀನು ಕರೆದೆ ವಾಕಿಟಾಕಿಯಲ್ಲಿ, ನಂಗೊತ್ತು. ಎಷ್ಟು ಸಲ? ಹತ್ತು? ಇಪ್ಪತ್ತು? ನಾನು ಆರಿಸಿದ್ದೆ. ಸದ್ದು ಪರೀಕ್ಷೆ ಮಾಡೋವಾಗ ಕೊಯ್ಯ್ ಅನ್ನುತ್ತೆ ಅಂತ ಆರಿಸಿ ಚೀಲದೊಳಗೆ ಹಾಕಿದ್ದೆ. ಸಾಕಾ? ಇದನ್ನ ಟೆಸ್ಟರ್ ಹೇಳಿರೋಕೆ ಸಾಧ್ಯ ಇಲ್ಲ. ಇದು ಅವನಿಗೂ ಗೊತ್ತಿಲ್ಲ. ತಗೋ.

ಏನು, ತಲೆ ಅಲ್ಲಾಡಿಸ್ತೀಯ? ಅವನು ಏನೂ ಹೇಳಿಲ್ವಾ? ಏನೂ… ಒಂದು ಮಾತೂ?

ಸುಳ್ಳು. ಹಾಗಾದ್ರೆ ಇಷ್ಟೆಲ್ಲಾ ಕೇಳಿ ನೀನು ಬೆಚ್ಚಿಬೀಳ್ಬೇಕಿತ್ತಲ್ಲ! ಕಣ್ಣು ಮಿಟುಕಿಸ್ಲಿಲ್ಲ ನೀನು. ಹೊಸದೇನೂ ಕೇಳಿಲ್ಲ ಅನ್ನೋ ಹಾಗೆ…

ತಡಿ.

ಆವತ್ತು ನೀರು ನಿಂತಾಗ ನೀನು ಜನರೇಟರ್ ಹತ್ರ ಓಡಿದ್ಯಾ? ಓಡಿರ್ತೀಯ. ಓಡದೆ ಇರ್ತೀಯಾ ನೀನು? ಅದು… ಅದು ನಡೀತಾ ಇತ್ತು. ಡೀಸೆಲ್ ಖಾಲಿ ಆಗಿದ್ರೆ ಜನರೇಟರ್ ಹೇಗೆ ನಡೀಬೇಕು! ಗುಡುಗುಡು ಅಂತ ನಡೀತಾ ಇತ್ತು, ವೈರು ಹುಲ್ಲಿನ ಮೇಲೆ ಸ್ಟೇಜ್ ಕಡೆ ಹೋಗಿತ್ತು. ಸ್ವಿಚ್ ಪೆಟ್ಟಿಗೆಗೆ ಬೀಗ, ಕೀಲಿ ಟೆಸ್ಟರ್ ಜೇಬಲ್ಲಿ, ನೀನು ಅದರ ಪಕ್ಕ ನಿಂತು ನನ್ನ ಕರೀತಿದ್ದೆ. ಆವತ್ತೇ. ಅಪ್ಪ ಇನ್ನೂ ಬೀಳೋಕೆ ಮುಂಚೆ.

ಅಂದ್ರೆ ಆ ಕೋಣೆಯಲ್ಲಿ ನಾನು ಡೀಸೆಲ್ ಡೀಸೆಲ್ ಅಂತಿದ್ದಾಗ… ನೀನು ಕೈ ಕಟ್ಕೊಂಡು ಕೂತು ಕೇಳ್ತಿದ್ದೆ. ಎಲ್ಲಾ ತಿಳ್ಕೊಂಡೇ!

ಯಾಕೆ ಬಾಯಿ ಬಿಡ್ಲಿಲ್ಲ? ಒಂದು ಮಾತು ಅಂದಿದ್ರೆ ಸಾಕಿತ್ತು, ನಾನು ಮಣ್ಣಾಗಿ ಹೋಗ್ತಿದ್ದೆ. ನನ್ನ ಮೇಲೆ ಕರುಣೆನಾ? ನಿನ್ನ ಕರುಣೆ ಯಾರಿಗೆ ಬೇಕಿತ್ತೇ! ನಾನು ಇಷ್ಟು ದಿನ ನಿನ್ನ ಬೈಕೊಂಡು ಬೈಕೊಂಡು ಹೇಗೋ ನಿದ್ದೆ ಮಾಡ್ತಿದ್ದೆ…

ಕಿಟಕಿ ಕಡೆ ತಿರುಗಬೇಡ. ಅಳ್ತಿದೀಯಾ? ಇಲ್ಲ, ಅಳೋದಿಲ್ಲ ನೀನು. ಹೇಳು. ಅಪ್ಪನಿಗೋಸ್ಕರನಾ? ಹಾಸಿಗೆ ಹಿಡಿದ ಮನುಷ್ಯ ನನ್ನ ಮನೆಯಲ್ಲಿ ಇರ್ಬೇಕು, ನಿಂಗೆ ಮನೆಯೇ ಇಲ್ಲ, ವರ್ಷವೆಲ್ಲಾ ಬಯಲು ಬಯಲು ಅಲೆಯೋಳು… ನಿಜ ಗೊತ್ತಾಗಿದ್ರೆ ಅವರು ನನ್ನ ಕೈಯಿಂದ ಒಂದು ತುತ್ತು ತಿಂತಿರ್ಲಿಲ್ಲ. ಅಷ್ಟು ಹಟ ಅವರಿಗೆ. ಅದಕ್ಕಾ? ಅವರು ತಿನ್ಲಿ ಅಂತಾನಾ?

…ಹೌದು ಅನ್ನೋದಾದ್ರೂ ಅನ್ನೇ.

ಏನು ಮಾಡ್ತಿದೀಯ? ಅದು ನನ್ನ ಫೋನು. ಇಡು ಕೆಳಗೆ. ಯಾರಿಗೆ… ಅಪ್ಪನಿಗಾ? ಬೇಡ. ಬೇಡ ಕಣೇ, ಈಗ ಬೇಡ. ಅವರು ಊಟ ಮಾಡೋ ಹೊತ್ತು, ನೋಡ್ಕೊಳ್ಳೋ ಆಕೆ ಈಗ ತಾನೇ ಕೂರಿಸಿರ್ತಾಳೆ, ಮನೆಗೆ ಹೋಗಿ ನಾನೇ ನಿಧಾನಕ್ಕೆ… ನನ್ನ ಮೇಲೆ ಆಣೆ… ಕೊಡೇ ಇಲ್ಲಿ!

ನನ್ನ ಕೈಗೇ ಇಟ್ಯಾ? ರಿಂಗ್ ಆಗ್ತಿದೆ.

ನೀನು ದೊಡ್ಡ ಕಟುಕಿ. ನೀರು ಕೊಡ್ತೀಯ, ನೆರಳು ಕೊಡ್ತೀಯ ಊರಿಗೆಲ್ಲಾ, ಒಡಹುಟ್ಟಿದೋಳಿಗೆ ಮಾತ್ರ… ಎಲ್ಲಿಗೆ ಎದ್ದೆ? ಕೂತ್ಕೋ. ನೀನು ಎದ್ದು ಹೋದ್ರೆ ನಾನು ಸುಳ್ಳು ಹೇಳ್ತೀನಿ, ನಂಗೊತ್ತು ನನ್ನ ಬುದ್ಧಿ. ಕೂತ್ಕೋ ಅಂದೆ!

ಅಪ್ಪಾ… ಹ್ಞೂ, ನಾನೇ, ದೊಡ್ಡೋಳು. ಊಟ ಆಯ್ತಾ? ಆಗ್ಲಿಲ್ವಾ… ತಟ್ಟೆ ಒಂಚೂರು ಪಕ್ಕಕ್ಕಿಡೋಕೆ ಹೇಳಿ ಆಕೆಗೆ. ಇಲ್ಲ, ಏನೂ ಆಗಿಲ್ಲ. ನಾನು ಚೆನ್ನಾಗಿದೀನಿ. ಚಿಕ್ಕೋಳ ಹತ್ರ ಕೂತಿದೀನಿ. ಇಡಬೇಡಿ! ಫೋನ್ ಇಡಬೇಡಿ ಅಪ್ಪಾ, ಕೇಳಿ…

ಆವತ್ತು ಡೀಸೆಲ್ ಇತ್ತು, ಅಪ್ಪಾ.