ಚಲುವಮ್ಮನ ಎಡಗಣ್ಣು

ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಸರದಿಗಾಗಿ ಕುಳಿತಿದ್ದ ಸೌಂದರ್ಯಳಿಗೆ, ಪಕ್ಕದ ಅತ್ತಿಗೆ-ನಾದಿನಿಯರ ಮಾತಿಗೆ ಕಿವಿಗೊಡದೆ ಇರಲಾಗಲಿಲ್ಲ. ಅತ್ತಿಗೆಯ ಎಡಗಣ್ಣು ಒಂದೇ ಸಮನೆ ಅದುರುತ್ತಿತ್ತು.

"ಹೆಂಗಸ್ರಿಗೆ ಎಡಗಣ್ಣು ಅದುರಿದ್ರೆ ಶುಭ ಅಂತ ವರ್ಷಗಟ್ಲೆ ಸುಮ್ಕಿದ್ರಲ್ಲ, ಅತ್ತಿಗೆ!"

"ನಾನೊಬ್ಳೇನಾ? ಹೆಣ್ಣು ನೋಡಾಕೆ ಹೊರಟೋರೆಲ್ಲ ನನ್ನ ಮುಖ ನೋಡ್ಕಂಡೇ ಬಸ್ಸು ಹತ್ತೋರು."

"ಕೆನ್ನೆನೂ ಎಳೆಯಾಕೆ ಶುರುವಾದಾಗ್ಲಾದ್ರೂ ಹೇಳ್ಬಾರ್ದಾ?"

"ಡಬಲ್ ಶುಭ ಅಂದ್ಕಂಡೆ ಕಣೇ."

ನಾದಿನಿ ನಗಲಿಲ್ಲ. "ಮೆದುಳಿನ ರಕ್ತನಾಳ ಊದ್ಕಂಡು ಮುಖದ ನರ ಒತ್ತೈತೆ ಅಂದವ್ರೆ. ತಲೆ ಆಪರೇಷನ್ನು. ಡಾಕ್ಟ್ರು ಕೇಳಿದ್ರೆ ಬೇಡ ಅಂದ್ಬಿಡಿ."

"ಯಾಕೆ? ಜಾವಗಲ್ ಚಲುವಮ್ಮ ಹೆದರಿ ಓಡೋದ್ಲು ಅನ್ನಿಸ್ಕಳ್ಳಾಕಾ?"

"ಒಂದು ಕಿವಿ ಕೇಳ್ದೆ ಹೋಗ್ಬಹುದಂತೆ!"

"ಹೋದ್ರೆ ಹೋಗ್ಲಿ. ಆ ಕಿವಿನ ನಿಮ್ಮಣ್ಣನ ಗೊರಕೆ ಕಡೆಗಿಟ್ಕಂಡು ಮಲಗ್ತೀನಿ."

ಅಷ್ಟರಲ್ಲಿ ನರ್ಸ್ ಚಲುವಮ್ಮನ ಹೆಸರು ಕೂಗಿದಳು. ನಾದಿನಿ ಅತ್ತಿಗೆಯ ತೋಳಿಗೆ ಕೈಹಾಕಿದಳು.

"ಬಿಡೇ, ಕೈಹಿಡಿಸ್ಕಂಡು ಹೋಗಾಕೆ ನಾನೇನು ಮದುವಣಗಿತ್ತಿನಾ?"

ಸೆರಗನ್ನು ನೆಟ್ಟಗೆ ಹೊದ್ದುಕೊಂಡ ಚಲುವಮ್ಮ, ತಾನೇ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ನಾದಿನಿ ಹಿಂದೆ ಓಡಿದಳು. ಬಾಗಿಲು ಮುಚ್ಚಿಕೊಳ್ಳುವ ಮುನ್ನ ಗಟ್ಟಿ ದನಿಯೊಂದು ಬೆಂಚಿನವರೆಗೂ ಕೇಳಿಸಿತು:

"ಆಪರೇಷನ್ ಯಾವತ್ತು ಮಾಡ್ತೀರಾ ಹೇಳಿ ಡಾಕ್ಟ್ರೇ. ನಾನು ತಯಾರಾಗೇ ಬಂದಿವ್ನಿ."