ಮೇಲಿನ ಸಾಲು

ಸ್ವಲ್ಪ ಹತ್ತಿರ ಬನ್ನಿ, ಇದನ್ನ ಜೋರಾಗಿ ಹೇಳೋಕಾಗಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಸಮಾಧಿ ಕಲ್ಲಿಗೆ ಅಕ್ಷರ ಕೆತ್ತೋನು, ಎಲ್ರೂ ಉಳಿಯಣ್ಣ ಅಂತಾರೆ. ಕುಡಿಯೋನಲ್ಲ, ಕತೆ ಕಟ್ಟೋನೂ ಅಲ್ಲ. ಮೂರು ಮಾತಾಡಿದ್ರೆ ಒಂದು ವಾರಕ್ಕೆ ಸಾಕು ಅನ್ನೋ ಆಸಾಮಿ.

ಅವತ್ತು ಅಂಗಡಿ ಬೀಗ ಹಾಕೋವಾಗ ತಡರಾತ್ರಿ. ದಾರೀಲಿ ಆಸ್ಪತ್ರೆ ಹಿಂದಿನ ಬಾವಿ ಸಿಗುತ್ತೆ. ಬಟ್ಟೆ ಒಗೆಯೋ ಮಿಷನ್ ಬಂದ ಮೇಲೆ ಅದಕ್ಕೆ ಕಬ್ಬಿಣದ ಜಾಲರಿ ಮುಚ್ಚಿದ್ರು. ಯಾರೂ ಅತ್ತ ಸುಳಿಯಲ್ಲ. ಹತ್ತಿರ ಬರ್ತಿದ್ದ ಹಾಗೆ ಕೇಳಿಸ್ತು...

ಥಪ್.

ಸ್ವಲ್ಪ ಬಿಟ್ಟು... ಥಪ್.

ಒದ್ದೆ ಬಟ್ಟೆ ಕಲ್ಲಿಗೆ ಬಡಿಯೋ ಸದ್ದು. ಹಿಂಡಿದ ನೀರು ನೆಲಕ್ಕೆ ಸುರಿಯೋ ಸದ್ದೂ ಬಂತು. ಸೋಪಿನ ವಾಸನೆ ಗಮ್ ಅಂತ ಮೂಗಿಗೆ ಹೊಡೀತು. ಆಮೇಲೆ ಕಿವಿ ಪಕ್ಕದಲ್ಲೇ ಒಂದು ಪಿಸುಮಾತು.

"ಮೇಲಿನ ಸಾಲು ತೆಗಿ."

ಓಡಿದ. ಚಪ್ಪಲಿ ಅಲ್ಲೇ ಬಿತ್ತು. ಆ ದನಿ ಅವನಿಗೆ ಗೊತ್ತು. ಸೋಪಜ್ಜಿದು. ಸೋಪಜ್ಜಿ ಸತ್ತು ಮೂರು ವಾರ ಆಗಿತ್ತು.

ಮೂವತ್ತೊಂದು ವರ್ಷ ಆ ಬಾವಿ ಹತ್ರ ಆಸ್ಪತ್ರೆ ಹಾಸಿಗೆ ಬಟ್ಟೆ ಒಗೆದವಳು. ಬೆರಳೆಲ್ಲ ಬೆಳ್ಳಗೆ ಸುಕ್ಕು. ಮಗಳನ್ನ, ಮಗನನ್ನ, ಮೊಮ್ಮಕ್ಕಳನ್ನ ಆ ಕೈಯಲ್ಲೇ ಸಾಕಿದ್ಲು. ಉಳಿಯಣ್ಣನ ಅಮ್ಮ ಹಾಸಿಗೆ ಹಿಡಿದಾಗ ಕರೀದೇನೇ ಬಂದು ತಲೆ ಬಾಚಿ ಹೋಗ್ತಿದ್ಲು. "ಕಾಯಿಲೆ ಬಂದ್ರೆ ಬರ್ಲಿ ಕಣೇ, ಅದಕ್ಕೆ ನಿನ್ನ ಕೆದರಿದ ತಲೆ ಯಾಕೆ ತೋರಿಸ್ಬೇಕು" ಅಂತ ನಗಿಸ್ತಿದ್ಲು.

ಅವಳ ಕಲ್ಲೇ ಅವನು ಕೆತ್ತುತ್ತಿದ್ದದ್ದು. 'ಪ್ರೀತಿಯ ಪತ್ನಿ' ಮೇಲೆ. ಕೆಳಗೆ 'ತಾಯಿ'. ಅದರ ಕೆಳಗೆ 'ಅಜ್ಜಿ'. ಬೆಳಿಗ್ಗೆ ಹೋಗಿ ನೋಡ್ತಾನೆ... ಮೇಲಿನ ಸಾಲೊಂದೇ ಇಲ್ಲ. ಉಜ್ಜಿ ಉಜ್ಜಿ ತೆಗೆದ ಹಾಗೆ ಕಲ್ಲು ನುಣ್ಣಗಾಗಿದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇದೆ.

ಮತ್ತೆ ಕೆತ್ತಿದ. ಮಾರನೇ ದಿನ ಮತ್ತೆ ಮಾಯ.

ವಿಷಯ ಅವಳ ಗಂಡನ ಕಿವಿಗೆ ಬಿತ್ತು. ಗಡಿಯಾರ ರಿಪೇರಿ ಮಾಡೋ ಮುದುಕ. ಬೀದೀಲಿ ಬೆಣ್ಣೆಯಂಥ ಮಾತು. ಅಂಗಡಿ ಒಳಗೆ ಬಂದವನ ಮುಖ ಮಾತ್ರ ಬೇರೆ.

"ಕೈಲಾಗದಿದ್ರೆ ಹೇಳು, ಬೇರೆಯವರಿಗೆ ಕೊಡ್ತೀನಿ. ನಾಳೆ ಬೆಳಿಗ್ಗೆ ಕಲ್ಲು ನಿಲ್ಲಿಸ್ಬೇಕು. ಇವತ್ತು ರಾತ್ರಿ ನನ್ನ ಕಣ್ಣೆದುರೇ ಕೆತ್ತು."

ರಾತ್ರಿ ಮಗಳ ಕೈ ಹಿಡ್ಕೊಂಡು ಬಂದ. ಒಳಗಿನಿಂದ ಚಿಲಕ ಹಾಕಿಸಿ, ಕಲ್ಲಿನ ಮುಂದೆ ಸ್ಟೂಲ್ ಎಳ್ಕೊಂಡು ಕೂತ. ಉಳಿಯಣ್ಣ ಶುರು ಮಾಡಿದ. ಟಕ್.

ಹೊರಗಿಂದ... ಥಪ್.

ಟಕ್. ಥಪ್. ಇವನು ನಿಲ್ಲಿಸಿದ್ರೆ ಅದೂ ನಿಲ್ಲುತ್ತೆ.

"ನಿಲ್ಲಿಸ್ಬೇಡ, ಹೊಡಿ!" ಅಂತ ಮುದುಕ ಹಲ್ಲು ಕಡಿದ.

'ಪತ್ನಿ'ಯ ಒತ್ತಕ್ಷರಕ್ಕೆ ಉಳಿ ಇಟ್ಟಿದ್ದ, ಅಷ್ಟೇ. ಬಾಗಿಲು ಬಡಿದ ಸದ್ದು. ಮೆಲ್ಲಗೆ. ಮೂರು ಸಲ.

"ರೀ... ಬಾಗಿಲು ತೆಗೀರಿ. ಮಗು ನಡುಗ್ತಿದೆ."

ಮಗಳು ಬಿಳಿಚಿಕೊಂಡ್ಲು. "ಅಮ್ಮನ ದನಿ..."

ಅಷ್ಟು ಹೊತ್ತು ಆಸರೆ ಇಲ್ಲದೆ ಏಳಕ್ಕಾಗದ ಮುದುಕ ಚಂಗನೆ ಎದ್ದ. ಬಾಗಿಲಿಗೆ ಭುಜ ಕೊಟ್ಟು ಎರಡೂ ಕೈಯಲ್ಲಿ ಚಿಲಕ ಅದುಮಿ ಹಿಡಿದ.

"ಹತ್ತು ಗಂಟೆ ಅಂದ್ರೆ ಹತ್ತು ಗಂಟೆ! ಆಮೇಲೆ ಬಂದವರಿಗೆ ಬಾಗಿಲಿಲ್ಲ!"

ಕಿರುಚಿಬಿಟ್ಟು, ಬಾಯಿಗೆ ಕೈ ಅಡ್ಡ ಇಟ್ಕೊಂಡ. ಹೊರಗೆ ಹಸುಗೂಸು ಕೆಮ್ಮಿದ ಸದ್ದು... ಒಂದೇ ಒಂದು ಸಲ.

"ಅಪ್ಪಾ," ಮಗಳು ಕೇಳಿದ್ಲು, "ಯಾವ ಮಗು?"

ಮುದುಕ ಮತ್ತೆ ಚಿಲಕಕ್ಕೆ ಕೈ ಹಾಕಿದ.

"ನನಗಿಂತ ಮುಂಚೆ ಹುಟ್ಟಿದ್ದ ಅಕ್ಕನಾ? ಅಮ್ಮ ಆಸ್ಪತ್ರೆ ರೋಗ ತಂದು ಅಂಟಿಸಿ ಕೊಂದ್ಲು ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲ, ಆ ಮಗುನಾ?"

ಮುದುಕ ನೆಲಕ್ಕೆ ಕುಸಿದ. "ಅವತ್ತು ಅವಳು ಕೆಲಸ ಮುಗಿಸಿ ಬಂದಾಗ ರಾತ್ರಿ ಹತ್ತೂಕಾಲು. ಮಳೆ. ಮಗು ಅವಳ ಕಂಕುಳಲ್ಲೇ ಇತ್ತು... ಬುದ್ಧಿ ಬರ್ಲಿ ಅಂತ ಬೆಳಿಗ್ಗೆವರೆಗೂ ಬಾಗಿಲು ತೆಗೀಲಿಲ್ಲ. ನಾಲ್ಕನೇ ದಿನ ಮಗು ಹೋಯ್ತು."

"ಅಮ್ಮ ಯಾರ ಹತ್ರಾನೂ ಹೇಳ್ಲಿಲ್ವಲ್ಲ..."

"ನೀವು ಹುಟ್ಟಿದ ಮೇಲೆ, ಹೇಳಿದ್ರೆ ನಿಮ್ಮಿಬ್ಬರನ್ನೂ ಕಿತ್ಕೊಂಡು ಅವಳನ್ನ ಅಟ್ಟಿಬಿಡ್ತೀನಿ ಅಂದಿದ್ದೆ."

ಮಗಳು ಅಪ್ಪನನ್ನ ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದ್ಲು. ಖಾಲಿ ಬೀದಿ. ಗಾಳಿ ಕೂಡ ಇಲ್ಲ. "ಅಮ್ಮಾ, ಬಾ ಒಳಗೆ" ಅಂತ ತುಂಬ ಹೊತ್ತು ಕರೆದ್ಲು. ಬರ್ಲಿಲ್ಲ. ತಿರುಗಿ ಉಳಿಯಣ್ಣನಿಗೆ ಹೇಳಿದ್ಲು: "ಅಣ್ಣ, ಆ ಸಾಲು ಕೆರೆದು ಹಾಕು. ಕೆಳಗೆ 'ಮೂರು ಮಕ್ಕಳ ತಾಯಿ' ಅಂತ ಮಾಡು."

ಮುದುಕ ಒಬ್ಬನೇ ಗೋಡೆ ಹಿಡ್ಕೊಂಡು ಮನೆಗೆ ಹೋದ. ಅವತ್ತಿಂದ ಮಗಳು ಅವನ ಮುಖ ನೋಡ್ಲಿಲ್ಲ. ಮಗನೂ ನೋಡ್ಲಿಲ್ಲ. ಆಮೇಲೆ ಅವನು ಎರಡು ವರ್ಷ ಬದುಕಿದ್ದ. ಹೋದಾಗ ಕಲ್ಲು ಮಾಡಿಸೋಕೆ ಯಾರೂ ಬರ್ಲಿಲ್ಲ.

ಸೋಪಜ್ಜಿ ಕಲ್ಲು ಈಗ್ಲೂ ಸ್ಮಶಾನದ ಮೂಲೇಲಿದೆ. ಬಯಲು, ಮೇಲೆ ಒಂದು ಎಲೆಯ ನೆರಳೂ ಇಲ್ಲ. ಎಂಥ ಮಳೆ ಬಂದ್ರೂ ಅದರ ಬುಡದಲ್ಲಿ ಒಂದು ಮೊಳದಷ್ಟು, ಒಂದು ಹಸುಗೂಸು ಮಲಗೋವಷ್ಟು ಜಾಗ ಒದ್ದೆ ಆಗಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಹೋದ ಮಳೆಗಾಲ ನಾನೇ ಬಗ್ಗಿ ಕೈ ಇಟ್ಟು ನೋಡಿದೀನಿ. ಮಣ್ಣು ಒಣಗಿತ್ತು... ಬೆಚ್ಚಗೂ ಇತ್ತು.